ಮೇಲ್ಮನೆಯಲ್ಲಿ ನಮ್ಮ ಯಜಮಾನರ ಮಾತು

ನಮ್ಮ ಜಿಲ್ಲೆಯ ವಿಧಾನ ಪರಿಷತ್ ಸದಸ್ಯರು ಮೊದಲ ಸಲ ನಮ್ಮ ಜಗಲಿಯ ಮೇಲೆ ಬಂದು ಕೂತದ್ದು ನನ್ನ ಸಲುವಾಗಿ ಅಲ್ಲ, ನನ್ನ ವಾರಗಿತ್ತಿಯ ಸಲುವಾಗಿ. ನಾನು ಅಕ್ಕ ಎಂದೇ ಕರೆಯುವ ಅವಳು ಗ್ರಾಮ ಪಂಚಾಯಿತಿ ಮೆಂಬರು. ಆ ಮೇಲ್ಮನೆಯ ಚುನಾವಣೆಯಲ್ಲಿ ಓಟು ಇರುವುದು ಅವಳಂಥವರಿಗೆ, ಒಲೆಯ ಮುಂದಿರುವ ನನ್ನಂಥವರಿಗೆ ಇಲ್ಲ. ಗೆದ್ದ ಮೇಲೆ ಕೈಮುಗಿದು ಹೋಗೋಣ ಎಂದು ಬಂದಿದ್ದರು. ಗೆದ್ದ ಮೇಲೂ ದಾರಿ ಮರೆಯದವರು ಒಬ್ಬರಾದರೂ ಇದ್ದಾರಲ್ಲ ಎಂದು ನಾನು ಮನಸ್ಸಿನಲ್ಲೇ ಶಿವನಿಗೆ ಒಂದು ನಮಸ್ಕಾರ ಹಾಕಿದೆ.

ಬಂದವರಿಗೆಲ್ಲ ಎಳನೀರು ಕೆತ್ತಿ ಕೊಟ್ಟೆವು. ನಮ್ಮವರು ಮಾತ್ರ ಬರಿಗೈಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಸದಸ್ಯರು ಅದನ್ನು ಗಮನಿಸಿದರು.

"ಯಜಮಾನ್ರೇ, ನೀವ್ಯಾಕೆ ತಗಳ್ಳಿಲ್ಲ?"

ನಮ್ಮವರು ನಕ್ಕರು. "ನಂಗೆ ಡಾಕ್ಟ್ರು ಬ್ಯಾಡ ಅಂದವ್ರೆ ಸಾರ್. ನಾನು ತೋಟ ಕಾಯಾಕೆ ಮಾತ್ರ, ಕುಡಿಯಾಕಲ್ಲ."

ಮುಂದಿನದನ್ನು ಅಕ್ಕ ಹೇಳಿದಳು. "ಎರಡು ಕಿಡ್ನಿನೂ ಹೋಗವೆ ಸಾರ್. ಎಳನೀರು ಅಂದ್ರೆ ಇವನಿಗೆ ವಿಷ. ತೆಂಗಿನ ಸೀಮೇಲಿ ಹುಟ್ಟಿ ಎಂಥ ಕಾಯ್ಲೆ ಹುಡುಕ್ಕಂಡವ್ನೆ ನೋಡಿ!"

ಅವಳು ತಮಾಷೆ ಮಾಡದೆ ದುಃಖ ಹೇಳಲಾರಳು. ಆದರೆ ಮುಖ್ಯವಾದದ್ದು ಉಳಿದೇ ಹೋಯಿತು ಎನ್ನಿಸಿ, ತಟ್ಟೆ ಹಿಡಿದು ನಿಂತಿದ್ದ ನಾನೇ ಬಾಯಿ ತೆರೆದೆ. ದೊಡ್ಡವರ ಎದುರು ಮಾತಾಡಿ ಅಭ್ಯಾಸವಿಲ್ಲದವಳು. ಆದರೂ ಹೇಳಿದೆ.

ವಾರಕ್ಕೆ ಎರಡು ಸಲ ನಮ್ಮವರ ರಕ್ತವನ್ನು ಯಂತ್ರದಲ್ಲಿ ತೊಳೆಸಬೇಕು. ನಮ್ಮ ತಾಲ್ಲೂಕಿನ ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರಗಳು ಬಂದಾಗ ನಾನು ಆ ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿದಿದ್ದೆ. ಯಾವ ತಾಲ್ಲೂಕು ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಯಾರಿಗೋ ತೊಂದರೆಯಾಗುತ್ತದೆ. ಯಂತ್ರಗಳು ಒಳ್ಳೆಯವೇ. ಅವುಗಳಿಗೆ ನೀರು ಸೋಸಿ ಕೊಡುವ ಇನ್ನೊಂದು ಯಂತ್ರವಿದೆ, ಕೆಟ್ಟದ್ದು ಅದು. ನಮ್ಮ ಕಡೆಯ ಬೋರ್‌ವೆಲ್ ನೀರು ಎಂಥದ್ದು ಎಂದು ಇಲ್ಲಿ ಅನ್ನ ಬೇಯಿಸುವ ಎಲ್ಲ ಹೆಂಗಸರಿಗೂ ಗೊತ್ತು. ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ಅಂಥ ನೀರು ಸೋಸದೆ ಮನುಷ್ಯರ ರಕ್ತದ ಹತ್ತಿರ ಹೋಗುವಂತಿಲ್ಲ. ಸೋಸುವ ಯಂತ್ರ ಕೆಟ್ಟ ದಿನ ಬಾಗಿಲಿಗೆ ಬೀಗ. ಒಂದು ವಾರ ನಡೆದರೆ ಎರಡು ವಾರ ನಿಲ್ಲುತ್ತಿತ್ತು. ಆಗ ಕೋಳಿ ಕೂಗುವ ಮೊದಲೇ ಎದ್ದು, ಕಿಬ್ಬನಹಳ್ಳಿಗೆ ಬಂದು, ಬಸ್ಸು ಹಿಡಿದು ತುಮಕೂರಿಗೆ ಹೋಗಬೇಕು. ಅಲ್ಲಿ ಮೊದಲು ಅವರ ಕಡೆಯ ರೋಗಿಗಳು, ಮಿಕ್ಕ ಜಾಗದಲ್ಲಿ ನಾವು. ಮಿಗದಿದ್ದರೆ ಊದಿದ ಕಾಲು ಎಳೆದುಕೊಂಡು ವಾಪಸ್ಸು.

ಸದಸ್ಯರು ಎಳನೀರನ್ನು ಪಕ್ಕಕ್ಕಿಟ್ಟು ಕೇಳಿಸಿಕೊಂಡರು. ಕೊನೆಗೆ, "ತಾಯಿ, ಯಂತ್ರ ತಂದುಕೊಡೋ ಅಧಿಕಾರ ನನಗಿಲ್ಲ. ಸದನದಲ್ಲಿ ಎದ್ದು ಕೇಳೋ ಅಧಿಕಾರ ಐತೆ. ಕೇಳ್ತೀನಿ" ಎಂದರು. ತಂದುಕೊಡುತ್ತೇನೆ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಕೇಳುತ್ತೇನೆ ಎಂದದ್ದಕ್ಕೆ ನಂಬಿದೆ.

ಸದನದಲ್ಲಿ ಕೇಳುವುದು ನಾವು ಬೀದಿಯಲ್ಲಿ ನಿಂತು ಕೇಳಿದಂತಲ್ಲ ಎಂದು ಆಮೇಲೆ ತಿಳಿಯಿತು. ಪ್ರಶ್ನೆಯನ್ನು ಮುಂಚಿತವಾಗಿ ಬರೆದು ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಸದಸ್ಯರು ಮತ್ತೆ ಕೆದಕಿ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಉತ್ತರವನ್ನು ಬರೆದು ಕೊಟ್ಟುಬಿಡುತ್ತಾರೆ, ಮಾತಿಲ್ಲ. ಯಾರ ಪ್ರಶ್ನೆಗೆ ಚುಕ್ಕೆ ಎನ್ನುವುದು ಚೀಟಿ ಎತ್ತಿದ ಹಾಗೆ. ಒಂದು ಅಧಿವೇಶನದಲ್ಲಿ ನಮ್ಮ ಪ್ರಶ್ನೆಗೆ ಅದೃಷ್ಟ ಬರಲಿಲ್ಲ. ಇನ್ನೊಂದರಲ್ಲಿ ಬಂತು. ಆದರೆ ಆ ದಿನ ಬೇರೆ ಯಾವುದೋ ಗಲಾಟೆಗೆ ಎಲ್ಲರೂ ಸಭಾಪತಿಗಳ ಪೀಠದ ಮುಂದೆ ಬಂದು ಕೂಗಾಡಿ, ಸದನವನ್ನೇ ಮುಂದಕ್ಕೆ ಹಾಕಿದರು. ನಾನು ದೇವರ ಮನೆಯಲ್ಲಿ ಮೊಬೈಲಿಗೆ ಸದನದ ನೇರ ಪ್ರಸಾರ ಹಾಕಿಕೊಂಡು ಕೂತು ಖಾಲಿ ಕುರ್ಚಿಗಳನ್ನು ನೋಡಿದೆ.

"ಮೇಲ್ಮನೆ ಅಂದ್ರೆ ನಮ್ಮ ಅಟ್ಟ ಇದ್ದಂಗೆ ಕಣೇ" ಎಂದಳು ಅಕ್ಕ. "ಕಾಯಿ ಮೇಲಕ್ಕಾಕಿದ್ ಮೇಲೆ ದಿನಾ ಏಣಿ ಹತ್ತಿ ಅಲ್ಲಾಡ್ಸಿ ನೋಡ್ಬಾರ್ದು. ವರ್ಸ ತಡೀಬೇಕು, ಆಮೇಲೆ ಕೊಬ್ರಿ."

"ಅಷ್ಟೊತ್ತಿಗೆ ನಾನೇ ಒಣಗಿ ಕೊಬ್ರಿ ಆಗಿರ್ತೀನಿ, ಬುಡಿ ಅತ್ಗೆ" ಎಂದರು ನಮ್ಮವರು.

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಬಾಯಾರಿದರೆ ಅವರು ಏಲಕ್ಕಿ ಸಿಪ್ಪೆ ಅಗಿಯುತ್ತಿದ್ದರು. ಡಾಕ್ಟರು ಹೇಳಿದ ಲೆಕ್ಕದಂತೆ ದಿನದ ನೀರು ಒಂದು ಸಣ್ಣ ಚೊಂಬು, ಅದರಲ್ಲೇ ಮಾತ್ರೆ, ಅದರಲ್ಲೇ ಕಾಫಿ. ಬೆಳಿಗ್ಗೆ ಎದ್ದವಳೇ ನಾನು ಅವರ ಎಡಗೈ ಮುಟ್ಟಿ ನೋಡುತ್ತಿದ್ದೆ. ಯಂತ್ರದ ಸೂಜಿಗಾಗಿ ನರಗಳನ್ನು ಸೇರಿಸಿ ಹೊಲಿದ ಜಾಗದಲ್ಲಿ ಚರ್ಮದ ಕೆಳಗೆ ಝುಮ್ಮೆಂದು ಹರಿಯುವುದು ಕೈಗೆ ಸಿಗುತ್ತದೆ. ಅದು ಸಿಕ್ಕಿದರೆ ಆ ದಿನದ ಪೂಜೆಗೆ ಮೊದಲೇ ನನಗೆ ಪ್ರಸಾದ ಸಿಕ್ಕಂತೆ.

ಮೂರನೆಯ ಅಧಿವೇಶನಕ್ಕೆ ಮತ್ತೆ ಚುಕ್ಕೆ ಬಂತು. ಈ ಸಲ ಉತ್ತರ ಬರೆಯಲು ಮೇಲಿನಿಂದ ಮಾಹಿತಿ ಕೇಳಿದ್ದರು. ಹಾಗಾಗಿ ತಪಾಸಣೆಗೆ ಒಬ್ಬ ಅಧಿಕಾರಿ ಬರುವುದು ಗೊತ್ತಾಯಿತು. ಹಿಂದಿನ ದಿನವೇ ಯಾರೋ ಬಂದು ನೀರಿನ ಯಂತ್ರಕ್ಕೆ ತೇಪೆ ಹಾಕಿ ಓಡುವಂತೆ ಮಾಡಿದರು. ನಮ್ಮವರಿಗೂ ಇನ್ನಿಬ್ಬರಿಗೂ ಫೋನು ಮಾಡಿ ಕರೆದರು. ಬಹಳ ದಿನದ ಮೇಲೆ ಊರಿನಲ್ಲೇ ಯಂತ್ರ ಸಿಕ್ಕಿತಲ್ಲ ಎಂದು ನಾವು ಓಡಿದೆವು.

ಆ ಘಟಕವನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಸಿಸ್ಟರು. ಸೂಜಿ ಚುಚ್ಚುವಾಗ "ಅಣ್ಣ, ಆ ಕಡೆ ನೋಡಿ" ಎಂದು ಮಾತಿಗೆಳೆದು ನೋವು ಮರೆಸುವ ಹೆಣ್ಣುಮಗಳು. ಬೀಗ ಹಾಕಿದ ದಿನಗಳಲ್ಲಿ ತುಮಕೂರಿಗೆ ತಾವೇ ಫೋನು ಮಾಡಿ ನಮ್ಮ ಪರವಾಗಿ ಬೇಡಿಕೊಳ್ಳುತ್ತಿದ್ದರು. ಆ ದಿನ ಅವರು ನೆಲ ಒರೆಸಿ, ಹಾಸಿಗೆಗೆ ಒಗೆದ ಬಟ್ಟೆ ಹಾಸಿ, ಗೋಡೆಗೆ ಅಂಟಿದಂತೆ ನಿಂತಿದ್ದರು.

ಅಧಿಕಾರಿ ಒಳ್ಳೆಯ ಮನುಷ್ಯನಂತೆಯೇ ಕಂಡರು. ನಮ್ಮವರ ಹಾಸಿಗೆಯ ಹತ್ತಿರ ಬಂದು ಬಗ್ಗಿ ಕೇಳಿದರು. "ಹೇಗಿದ್ದೀರಿ ಯಜಮಾನರೇ? ಇಲ್ಲಿ ಏನಾದರೂ ತೊಂದರೆ ಇದೆಯಾ?"

ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಿ, ಹೇಳಿ ಎಂದು ಒಳಗೊಳಗೇ ಜಪ ಮಾಡುತ್ತಿದ್ದೆ.

"ಏನೂ ತೊಂದ್ರೆ ಇಲ್ಲ ಸ್ವಾಮಿ" ಎಂದರು ನಮ್ಮವರು. "ಎಲ್ಲ ಚೆನ್ನಾಗೈತೆ. ಸಿಸ್ಟರಮ್ಮ ಮನೆಯವ್ರ ಥರ ನೋಡ್ಕಂತಾರೆ. ಲೇ, ಸಾಹೇಬ್ರಿಗೆ ಎಳನೀರು ತರ್ಸೇ."

ಪಕ್ಕದ ಹಾಸಿಗೆಯವರೂ "ಹೌದು ಸ್ವಾಮಿ, ಚೆನ್ನಾಗೈತೆ" ಎಂದರು. ಅಧಿಕಾರಿ ಬರೆದುಕೊಂಡರು. ಎಳನೀರು ಕುಡಿದು, ನೀರು ಸಿಹಿಯಾಗಿದೆ ಎಂದು ಹೊಗಳಿ ಹೋದರು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಕೇಳಿದೆ. "ಯಾಕ್ರೀ ಹಂಗಂದ್ರಿ?"

"ಇನ್ನೇನನ್ಲಿ? ಆಯಮ್ಮ ನನ್ನ ತಲೆ ಹತ್ರನೇ ನಿಂತಿತ್ತು. ಮಿಷನ್ ಕೆಟ್ಟೈತೆ ಅಂದ್ರೆ ಮೇಲಿನೋರು ಯಾರ ಕುತ್ತಿಗೆ ಹಿಡೀತಾರೆ? ಮಿಷನ್ ಕೊಟ್ಟೋನ್ದಲ್ಲ ಕಣೇ, ಆಯಮ್ಮಂದು."

"ನಿಮ್ಮ ಜೀವದ ಪ್ರಶ್ನೆ ಅಲ್ವೇನ್ರೀ?"

"ಮನೆಗೆ ಬಂದೋರ ಮುಂದೆ ಗೋಳು ಹೇಳ್ಕಳಾದು ನಮ್ಮಪ್ಪ ಕಲಿಸ್ಲಿಲ್ಲ."

ಆಸ್ಪತ್ರೆ ಇವರ ಮನೆ ಯಾವಾಗ ಆಯಿತೋ! ಆದರೆ ನಾನು ಅವರನ್ನು ಪೂರ್ತಿ ಬಯ್ಯಲಾರೆ. ನಮ್ಮ ಸೀಮೆಯ ಜನವೇ ಹಾಗೆ. ಮನೆಯಲ್ಲಿ ಹೆಣ ಮಲಗಿದ್ದಾಗ ಬೀಗರ ಫೋನು ಬಂದು "ಚೆನ್ನಾಗಿದ್ದೀರಾ" ಎಂದರೆ, ಮೊದಲು "ಹೂಂ, ಚೆನ್ನಾಗಿದ್ದೀವಿ, ನೀವು?" ಎಂದು ಹೇಳಿ, ಆಮೇಲೆ ಸಾವಿನ ಸುದ್ದಿ ತಿಳಿಸುವವರು ನಾವು. ಕೇಳಿದ ಕೂಡಲೇ ಇಲ್ಲ ಎನ್ನುವುದು ಕೇಳಿದವರಿಗೆ ಅವಮಾನ ಎಂದು ನಂಬಿಕೊಂಡಿದ್ದೇವೆ.

ತೇಪೆ ಹಾಕಿದ ಯಂತ್ರ ಅದೇ ವಾರ ಮತ್ತೆ ನಿಂತಿತು. ಹಾಗಾಗಿ ಸದನದಲ್ಲಿ ಉತ್ತರ ಬರುವ ದಿನ ನಾವು ತುಮಕೂರಿನಲ್ಲಿದ್ದೆವು. ಶಿವನ ದಯೆ, ಅಂದು ಬೇಗ ಜಾಗ ಸಿಕ್ಕಿತ್ತು. ನಮ್ಮವರ ಎಡಗೈಗೆ ಕೊಳವೆ ಹಾಕಿ ಆಗಿತ್ತು. ನಾನು ಸ್ಟೂಲಿನ ಮೇಲೆ ಕೂತು ಮೊಬೈಲನ್ನು ಅವರ ಎದೆಯ ಹತ್ತಿರ ಹಿಡಿದೆ. ಕೇಳಿಸಿಕೊಳ್ಳುವ ತಂತಿಯ ಒಂದು ತುದಿ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ.

ಸಭಾಪತಿಗಳು ನಮ್ಮ ಸದಸ್ಯರನ್ನು ಕರೆದರು. ಅವರು ಎದ್ದು ಪ್ರಶ್ನೆಯ ಸಂಖ್ಯೆ ಹೇಳಿದರು. ನಮ್ಮ ಮನೆಯ ಕಷ್ಟ ಅಷ್ಟು ದೊಡ್ಡ ಸಭೆಯಲ್ಲಿ ಎದ್ದು ನಿಂತಿದೆ ಎನ್ನಿಸಿತು.

ಸಚಿವರು ಎದ್ದು ಉತ್ತರ ಓದಿದರು. "ಸದರಿ ಆಸ್ಪತ್ರೆಯ ಡಯಾಲಿಸಿಸ್ ಘಟಕವು ಕಾರ್ಯನಿರ್ವಹಿಸುತ್ತಿರುತ್ತದೆ. ತಪಾಸಣೆಯ ಸಂದರ್ಭದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ರೋಗಿಗಳೇ ಯಾವುದೇ ತೊಂದರೆ ಇರುವುದಿಲ್ಲವೆಂದು ತಿಳಿಸಿರುತ್ತಾರೆ."

ನಮ್ಮ ಸದಸ್ಯರು ಬಿಡಲಿಲ್ಲ. "ಮಾನ್ಯ ಸಭಾಪತಿಗಳೇ, ಉಪ ಪ್ರಶ್ನೆ. ನನಗಿರುವ ಮಾಹಿತಿ ಬೇರೆ. ಅಲ್ಲಿನ ನೀರು ಶುದ್ಧೀಕರಿಸುವ ಘಟಕ ಪದೇ ಪದೇ ಕೆಡುತ್ತಿದೆ. ರೋಗಿಗಳು ತುಮಕೂರಿಗೆ ಅಲೆಯುತ್ತಿದ್ದಾರೆ. ನಾನೇ ಮಾತಾಡಿಸಿದ್ದೇನೆ."

ಸಚಿವರು ಮತ್ತೆ ಎದ್ದರು. "ಸಭಾಪತಿಗಳೇ, ಹಾಸಿಗೆ ಮೇಲೆ ಮಲಗಿದವರೇ ಚೆನ್ನಾಗಿದೆ ಅಂತಿದ್ದಾರೆ. ಸದಸ್ಯರಿಗೆ ಮಾತ್ರ ಚೆನ್ನಾಗಿಲ್ಲ. ಯಾರನ್ನ ನಂಬಲಿ?"

ಯಾರೋ ನಕ್ಕರು. ಆಮೇಲೆ ಇನ್ನೂ ಕೆಲವರು ನಕ್ಕರು. ಸಭಾಪತಿಗಳು ಮುಂದಿನ ಪ್ರಶ್ನೆ ಕರೆದರು. ನಮ್ಮ ಸದಸ್ಯರು ಸ್ವಲ್ಪ ಹೊತ್ತು ನಿಂತೇ ಇದ್ದು ಕೂತರು. ಅಷ್ಟೇ. ಇಷ್ಟು ದಿನ ಕಾದದ್ದು, ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ಮುಗಿದುಹೋಯಿತು.

ನಮ್ಮವರು ಕಿವಿಯಿಂದ ತಂತಿ ಕಿತ್ತು ಗೋಡೆಯ ಕಡೆ ತಿರುಗಿದರು. ಕೊಳವೆ ಹಾಕಿದ ಕೈ ಅಲ್ಲಾಡಿಸುವಂತಿಲ್ಲವಾದ್ದರಿಂದ ಮುಖ ಮಾತ್ರ ತಿರುಗಿತು. ಕಣ್ಣಿನ ನೀರು ಕಿವಿಯೊಳಗೆ ಇಳಿಯುತ್ತಿತ್ತು. ನಾನು ಸೆರಗಿನಿಂದ ಒರೆಸಿದೆ. ಬೇರೇನೂ ಮಾಡಲು ತೋಚಲಿಲ್ಲ.

ಅಧಿವೇಶನದ ನಡುವೆ ಬಂದ ಭಾನುವಾರ ಸದಸ್ಯರು ನಮ್ಮ ಮನೆಗೆ ಬಂದರು. ಬಯ್ಯಲು ಬಂದಿದ್ದಾರೆ ಎಂದುಕೊಂಡು ನಾನು ಒಳಗೇ ಉಳಿದೆ. ಅವರು ಬಯ್ಯಲಿಲ್ಲ.

"ನನ್ನ ಕೈ ಕಟ್ಟಾಕ್ಬುಟ್ರಲ್ಲ ಯಜಮಾನ್ರೇ" ಎಂದರು ಅಷ್ಟೇ. ಒಂದು ಸಲ ಉತ್ತರ ಬಂದ ಪ್ರಶ್ನೆಯನ್ನು ಅದೇ ಅಧಿವೇಶನದಲ್ಲಿ ಮತ್ತೆ ಕೇಳುವ ಹಾಗಿಲ್ಲವಂತೆ. ಆದರೆ ಪ್ರಶ್ನೋತ್ತರ ಮುಗಿದ ಮೇಲೆ ಶೂನ್ಯ ವೇಳೆ ಎಂದು ಇದೆ, ತುರ್ತು ವಿಷಯವನ್ನು ಎರಡು ಮಾತಿನಲ್ಲಿ ಹೇಳಬಹುದು. "ಕೊಟ್ಟ ಉತ್ತರ ಸುಳ್ಳು ಅಂತ ಅಲ್ಲಿ ಹೇಳ್ತೀನಿ. ಹೇಳ್ಬೇಕಾದ್ರೆ ಸುಳ್ಳು ಅಂತ ನೀವು ಹೇಳ್ಬೇಕು. ನಿಮ್ಮ ಬಾಯಲ್ಲೇ."

ನಮ್ಮವರು ತಲೆ ತಗ್ಗಿಸಿದರು. "ಆ ಹೆಣ್ಣುಮಗಳ ಗತಿ?"

"ಏನೂ ಆಗದಂಗೆ ನೋಡ್ಕಳಾಕೆ ಪ್ರಯತ್ನ ಮಾಡ್ತೀನಿ. ಆಗಲ್ಲ ಅಂತ ಮಾತು ಕೊಡೋಕಾಗಲ್ಲ."

ಅಕ್ಕ ಅಲ್ಲೇ ಫೋನು ಹಚ್ಚಿ ಸಿಸ್ಟರನ್ನೇ ಕೇಳಿದಳು. ಅವಳಿಗೆ ಸುತ್ತಿ ಬಳಸಿ ಮಾತಾಡಲು ಬಾರದು. "ಏನಮ್ಮ, ಇವನು ನಿಜ ಹೇಳಿದ್ರೆ ನಿನ್ನ ಕೆಲ್ಸಕ್ಕೆ ಕುತ್ತು ಬತ್ತದೆ ಅಂತ ಕೂತವ್ನೆ. ಹೇಳ್ಲೋ ಬ್ಯಾಡ್ವೋ?"

ಆ ಕಡೆಯಿಂದ ಸಿಸ್ಟರು ಹೇಳಿದ್ದು ನಮಗೆಲ್ಲ ಕೇಳಿಸಿತು. "ಹೇಳಲಿ ಅಕ್ಕ. ದಿನಾ ಬೀಗ ಹಾಕೋದು ನಾನೇ ಅಲ್ವಾ. ನಂಗೂ ಸಾಕಾಗೈತೆ."

ನಮ್ಮವರು ಸದಸ್ಯರ ಮುಖ ನೋಡಿ, ಬಹಳ ಕಷ್ಟಪಟ್ಟು, ಕೆಟ್ಟ ಮಾತು ಆಡುವವರಂತೆ ಹೇಳಿದರು. "ಚೆನ್ನಾಗಿಲ್ಲ ಸ್ವಾಮಿ. ಅಲ್ಲಿ ಚೆನ್ನಾಗಿಲ್ಲ. ನಾನೂ ಚೆನ್ನಾಗಿಲ್ಲ." ಮದುವೆಯಾದಾಗಿನಿಂದ ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಶೂನ್ಯ ವೇಳೆಯಲ್ಲಿ ಸದಸ್ಯರು ಎದ್ದು ಹೇಳಿದರು. ಅಧಿಕಾರಿಯ ಎದುರು ರೋಗಿ ಹೆದರಿ, ಸಂಕೋಚಪಟ್ಟು ಹಾಗೆ ಹೇಳಿದ್ದಾರೆ, ಉತ್ತರ ನಿಜವಲ್ಲ, ದಾಖಲೆಯಲ್ಲಿ ಇದೂ ಇರಲಿ ಎಂದರು. ಅಂದು ಯಾರೂ ನಗಲಿಲ್ಲ. ಪರಿಶೀಲಿಸಿ ಲಿಖಿತ ಉತ್ತರ ಕೊಡುತ್ತೇವೆ ಎಂದು ಸರ್ಕಾರದ ಕಡೆಯಿಂದ ಹೇಳಿದರು. ನಾನು ಆ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಆ ದೀಪದ ಫಲ ಹೀಗಾಯಿತು. ಯಂತ್ರ ಬರಲಿಲ್ಲ. ಸಿಸ್ಟರಿಗೆ ವರ್ಗದ ಆದೇಶ ಬಂತು. ಸದನದ ಮಾತಿಗೂ ಇದಕ್ಕೂ ಸಂಬಂಧವಿಲ್ಲ, ಇದು ಮಾಮೂಲಿ ವರ್ಗ ಎಂದರು. ಇರಬಹುದು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆಗಾಗ ಬೀಳುತ್ತಿದ್ದ ಬೀಗ ಈಗ ಕಾಯಂ ಆಯಿತು.

ನಮ್ಮವರು ಅದನ್ನು ಕೇಳಿದ ದಿನದಿಂದ ಮೂಲೆ ಹಿಡಿದರು. "ನನ್ನ ಬಾಯಿಂದ ಎರಡು ಸಲ ಮಾತು ಬಂತು. ಒಂದ್ಸಲ ಊರಿಗೆ ಕೇಡು, ಇನ್ನೊಂದ್ಸಲ ಆಯಮ್ಮಂಗೆ ಕೇಡು. ಸಾಕು ಕಣೇ. ತುಮಕೂರಿಗೆ ನಾನು ಬರಲ್ಲ." ಅವರ ಸರದಿಯ ದಿನ ಬಂತು, ಹೋಯಿತು. ನಾನು ಕಾಲು ಹಿಡಿದೆ, ಆಣೆ ಹಾಕಿದೆ, ಊಟ ಬಿಟ್ಟೆ. ಕಂದಿಕೆರೆಯಿಂದ ನನ್ನ ಅಣ್ಣ ಬಂದು ಹೇಳಿ ನೋಡಿದ. ಅಲ್ಲಾಡಲಿಲ್ಲ. ಮುಖ ಊದಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕಂಬಕ್ಕೆ ದಿಂಬು ಕೊಟ್ಟು ಕೂರಿಸಿದೆ. ಶಿವನ ಹತ್ತಿರ ನಾನು ಬೇಡುವುದನ್ನೇ ಬಿಟ್ಟೆ. ವಿಭೂತಿ ತಂದು ಅವರ ಹಣೆಗೆ ಹಚ್ಚುತ್ತಿದ್ದೆ, ಅದಕ್ಕೆ ಬೇಡ ಎನ್ನಲಿಲ್ಲ. ಅಷ್ಟನ್ನೇ ದೊಡ್ಡದೆಂದು ಹಿಡಿದುಕೊಂಡೆ.

ಸದಸ್ಯರಿಗೆ ಅಕ್ಕ ಫೋನು ಮಾಡಿದ್ದಳಂತೆ. ಒಂದು ಬೆಳಿಗ್ಗೆ ಹಾಲ್ಕುರಿಕೆಯ ಕಡೆ ಯಾವುದೋ ಕೆಲಸಕ್ಕೆ ಹೊರಟವರು ಕಾರು ತಿರುಗಿಸಿ ಬಂದರು. ಜಗಲಿಯ ಮೇಲೆ, ಚಾಪೆ ಹಾಸುವ ಮೊದಲೇ, ನಮ್ಮವರ ಎದುರು ಬರಿ ನೆಲಕ್ಕೆ ಕೂತರು.

"ಆ ಹೆಣ್ಣುಮಗಳ ವರ್ಗ ನಿಲ್ಸಾಕೆ ನನ್ನ ಕೈಲಿ ಆಗ್ಲಿಲ್ಲ" ಎಂದರು. "ಮಿಷನ್ ತರ್ಸಾಕೂ ಆಗಿಲ್ಲ. ನನಗಿರೋದು ಎದ್ದು ನಿಂತು ಕೇಳೋ ಅಧಿಕಾರ ಒಂದೇ ಅಂತ ಮೊದಲೇ ಹೇಳಿದ್ದೆ. ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳ್ತೀನಿ. ಆಗ ಅವ್ರು, ಆ ರೋಗಿ ಈಗ ಹೇಗಿದ್ದಾರೆ ಅಂದ್ರೆ ಏನು ಹೇಳ್ಲಿ?"

"ಇಲ್ಲ ಅನ್ನಿ."

"ರೋಗಿನೇ ಇಲ್ಲ ಅಂದ್ಮೇಲೆ ಸಮಸ್ಯೆ ಎಲ್ಲೈತೆ ಅಂತಾರೆ. ನನ್ನ ಪ್ರಶ್ನೆ ಬಿದ್ದೋಯ್ತು. ನಿಮ್ಮ ಹಿಂದೆ ಮಲಗಿರೋ ಇನ್ನಿಬ್ರದ್ದೂ ಬಿದ್ದೋಯ್ತು."

ನಮ್ಮವರು ದಿಂಬಿಗೆ ತಲೆ ಆನಿಸಿದರು. ಉಸಿರು ಎಳೆಯುವ ಸದ್ದು ಜಗಲಿಗೆಲ್ಲ ಕೇಳುತ್ತಿತ್ತು.

ಅಕ್ಕ ಹೊಸ್ತಿಲಿನಿಂದಲೇ ಅಬ್ಬರಿಸಿದಳು. "ಸಾಯಾದಾದ್ರೆ ಒಂದು ಉತ್ತರ ತಗಂಡು ಸಾಯಪ್ಪ! ಇವಳು ಊಟ ಬುಟ್ಟು ಒಣಗ್ತಾವ್ಳೆ. ಇವಳ ಸಲುವಾಗಿ ಯಾವ ಮನೇಲಿ ಪ್ರಶ್ನೆ ಕೇಳಾನ?"

ನಮ್ಮವರು ನನ್ನ ಕಡೆ ನೋಡಿದರು. ಎಷ್ಟೋ ದಿನದ ಮೇಲೆ ಸರಿಯಾಗಿ ನೋಡಿದರು. "ಅಂಗಿ ಕೊಡೇ" ಎಂದರು.

ಎಡತೋಳಿನ ಹೊಲಿಗೆ ಬಿಚ್ಚಿ ಗುಂಡಿ ಇಟ್ಟ ಅಂಗಿ, ಆಸ್ಪತ್ರೆಗೆಂದೇ ನಾನು ಮಾಡಿದ್ದು. ಹಾಕಿಸಿದೆ. ಸದಸ್ಯರೂ ಡ್ರೈವರೂ ಎರಡು ಕಡೆ ಹಿಡಿದು ಕಾರಿನಲ್ಲಿ ಕೂರಿಸಿದರು. ನಾನು ಹಿಂದೆ ನಮ್ಮವರ ಪಕ್ಕದಲ್ಲಿ ಕೂತೆ.

ಅಂದು ನಮ್ಮ ಸರದಿಯಲ್ಲ. ಯಂತ್ರ ಖಾಲಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಕಿಬ್ಬನಹಳ್ಳಿ ದಾಟುವಾಗ ಮುಂದೆ ಕೂತ ಸದಸ್ಯರು ತುಮಕೂರಿಗೆ ಫೋನು ಹಚ್ಚಿದರು. ತಾವು ಯಾರೆಂದು ಹೇಳಿದರು. ಇನ್ನೊಮ್ಮೆ ಹೇಳಿದರು. ಆಮೇಲೆ ಸದಸ್ಯ ಎನ್ನುವುದನ್ನು ಬಿಟ್ಟು, "ನಮ್ಮ ಮನೆಯವ್ರು ಕಣ್ರೀ, ತುಂಬ ಕಷ್ಟದಲ್ಲವ್ರೆ" ಎಂದು ಬೇಡಿಕೊಂಡರು. ಆ ಕಡೆಯವರು ನೋಡಿ ಹೇಳುತ್ತೇವೆ, ಲೈನಿನಲ್ಲೇ ಇರಿ ಎಂದರಂತೆ. ಸದಸ್ಯರು ಫೋನು ಕಿವಿಗೆ ಒತ್ತಿಕೊಂಡೇ ಕೂತರು. ನಾನು ನಮ್ಮವರ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಸದಸ್ಯರ ಬೆನ್ನು ನೋಡುತ್ತಾ ಇದ್ದೆ.